ಚಳಿಗಾಲದ ಮಿತವ್ಯಯವೂ ಗೃಹಸ್ಥನ ಧರ್ಮವೂ

ಶೀತಪ್ರಧಾನವಾದ ದೇಶಗಳಲ್ಲಿ ಬಾಳುವ ಗೃಹಸ್ಥನಿಗೆ ಚಳಿಗಾಲ ಬಂದೊಡನೆ ಒಂದು ಪ್ರಶ್ನೆ ಎದುರಾಗುತ್ತದೆ. ಮನೆಯನ್ನು ಕಾಯಿಸಬೇಕೆ, ಮೈಯನ್ನು ಹೊದಿಸಬೇಕೆ? ಇಡೀ ಮನೆಯ ಗಾಳಿಯನ್ನು ಬೇಸಗೆಯಂತೆ ಬೆಚ್ಚಗಾಗಿಸಿ ತೆಳುಬಟ್ಟೆಯಲ್ಲಿ ಓಡಾಡುವುದು ಒಂದು ಕ್ರಮ; ಉಣ್ಣೆಯ ಅಂಗಿ, ಕಾಲುಚೀಲ, ಶಾಲುಗಳನ್ನು ತೊಟ್ಟು ಹೀಟರಿನ ಕಾವನ್ನು ತಗ್ಗಿಸಿಕೊಳ್ಳುವುದು ಇನ್ನೊಂದು ಕ್ರಮ. ಎರಡನೆಯದೇ ಮೇಲೆಂದು ಹೇಳಲು ವಿವೇಕಿಗಳಾರೂ ಹಿಂದೆಗೆಯರು. ಆದರೆ ಈ ಮಿತವ್ಯಯವು ಎಲ್ಲಿಯವರೆಗೆ ಗುಣ, ಎಲ್ಲಿಂದ ಮುಂದೆ ನಿರ್ದಯೆ ಎಂಬುದು ವಿಚಾರಣೀಯವಾದ ವಿಷಯ. ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಲಂಡನ್, ಫ್ರಾಂಕ್‌ಫರ್ಟ್, ಟೊರಾಂಟೊ ಮೊದಲಾದ ನಗರಗಳಲ್ಲಿ ಸಂಸಾರ ಹೂಡಿದ್ದಾರೆ. ಹಿರಿಯರು ತಿಂಗಳುಗಟ್ಟಲೆ ಅಲ್ಲಿಗೆ ಹೋಗಿ ಇದ್ದು ಬರುತ್ತಾರೆ. ಆದುದರಿಂದ ಇದನ್ನು ಪರದೇಶದವರ ಮಾತೆಂದು ತಳ್ಳಿಬಿಡುವಂತಿಲ್ಲ.

ಮೊದಲು ಲೆಕ್ಕವನ್ನು ನೋಡೋಣ. ಸುಮ್ಮನೆ ಕುಳಿತ ಮನುಷ್ಯನ ದೇಹವು ಸುಮಾರು 100 ವಾಟ್‌ನಷ್ಟು ಶಾಖವನ್ನು ಸದಾ ಹೊರಸೂಸುತ್ತಿರುತ್ತದೆ. ಹಳೆಯ ಕಾಲದ ಒಂದು ದೊಡ್ಡ ವಿದ್ಯುದ್ದೀಪದಷ್ಟು. ಉಡುಪು ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ನೂಲಿನ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯು ಅಲುಗಾಡದೆ ನಿಂತು, ಮೈಯ ಬಿಸಿಯನ್ನು ಮೈಯ ಬಳಿಯಲ್ಲಿಯೇ ತಡೆದಿರಿಸುತ್ತದೆ, ಅಷ್ಟೇ. ಒಂದರ ಮೇಲೊಂದು ತೊಟ್ಟ ಎರಡು ತೆಳು ಅಂಗಿಗಳು ಒಂದು ದಪ್ಪ ಅಂಗಿಗಿಂತ ಹಿತವೆನಿಸುವುದು ನಡುವೆ ನಿಂತ ಈ ಗಾಳಿಯ ದೆಸೆಯಿಂದಲೇ. ಮನೆಯನ್ನು ಕಾಯಿಸುವ ಬಾಯ್ಲರಾದರೋ ಸಾವಿರಾರು ವಾಟ್ ಶಾಖವನ್ನು ಉತ್ಪಾದಿಸಿ, ಗೋಡೆ, ಕಿಟಕಿ, ಸೂರುಗಳ ಮೂಲಕ ಅದನ್ನು ಬೀದಿಯ ಗಾಳಿಗೆ ದಾನಮಾಡುತ್ತಿರುತ್ತದೆ. ಪಾತ್ರಾಪಾತ್ರ ವಿವೇಚನೆಯಿಲ್ಲದ ದಾನವಿದು! ಒಳಗಿನ ಬಿಸಿಗೂ ಹೊರಗಿನ ತಣ್ಪಿಗೂ ಇರುವ ಅಂತರದಷ್ಟೇ ಈ ಸೋರಿಕೆಯೂ ಇರುತ್ತದೆ. ಹೊರಗೆ 5 ಡಿಗ್ರಿ, ಒಳಗೆ 21 ಡಿಗ್ರಿ ಇದ್ದರೆ ಅಂತರ 16. ಒಳಗನ್ನು 19ಕ್ಕೆ ಇಳಿಸಿದರೆ ಅಂತರ 14. ಎರಡೇ ಡಿಗ್ರಿಯಿಂದ ಎಂಟರಲ್ಲೊಂದು ಪಾಲು ಉಳಿಯಿತು. ಗ್ಯಾಗೆ, ಬರ್ಟನ್, ಬ್ಯಾಜೆಟ್ ಎಂಬ ಮೂವರು ವಿಜ್ಞಾನಿಗಳು 1941ರಲ್ಲಿ ಉಡುಪಿನ ಬೆಚ್ಚಗೆಗೂ ಒಂದು ಮಾನವನ್ನು ಗೊತ್ತುಪಡಿಸಿ ‘ಕ್ಲೊ’ ಎಂದು ಹೆಸರಿಟ್ಟರು. 21 ಡಿಗ್ರಿಯ ಕೋಣೆಯಲ್ಲಿ ಸುಮ್ಮನೆ ಕುಳಿತವನಿಗೆ ಹಿತವಾಗಿರಲು ಬೇಕಾಗುವಷ್ಟು ಉಡುಪು ಒಂದು ಕ್ಲೊ. ಕೋಣೆ ತಣ್ಣಗಾದಷ್ಟೂ ಉಡುಪಿನ ಈ ಮಾನವನ್ನು ಏರಿಸಬೇಕು.

ಮನೆಯನ್ನು ಬಿಟ್ಟು ಮೈಯನ್ನು ಕಾಪಾಡುವ ಈ ಉಪಾಯವು ಹೊಸದಲ್ಲ. ನಮ್ಮ ದೇಶದಲ್ಲಿಯೇ ಕಾಶ್ಮೀರದವರು ಫಿರನ್ ಎಂಬ ನಿಲುವಂಗಿಯೊಳಗೆ ಕಾಂಗ್ರಿಯನ್ನು ಹಿಡಿದುಕೊಂಡು ಚಳಿಗಾಲವನ್ನು ಕಳೆಯುತ್ತಾರೆ. ಕಡ್ಡಿಗಳಿಂದ ಹೆಣೆದ ಬುಟ್ಟಿ, ಅದರೊಳಗೊಂದು ಮಣ್ಣಿನ ಕುಡಿಕೆ, ಕುಡಿಕೆಯಲ್ಲಿ ಇದ್ದಿಲ ಕೆಂಡ. ಒಂದು ಹಿಡಿ ಕೆಂಡದಿಂದ ಒಂದು ದೇಹಕ್ಕೆ ಗಂಟೆಗಟ್ಟಲೆ ಹಿತ! ಜಪಾನಿನಲ್ಲಿ ಕೊಟಾಟ್ಸು ಎಂಬ ತಗ್ಗು ಮೇಜಿನ ಕೆಳಗೆ ಕಾವಿಟ್ಟು, ಮೇಲೆ ರಜಾಯಿ ಹೊದಿಸಿ, ಮನೆಯವರೆಲ್ಲರೂ ಅದರೊಳಗೆ ಕಾಲುಚಾಚಿ ಕೂಡುತ್ತಾರೆ. ಆದರೆ ಹಳೆಯದೆಲ್ಲವೂ ನಿರ್ದೋಷವೆಂದು ಭ್ರಮಿಸಬಾರದು. ವರ್ಷಾನುವರ್ಷ ಕಾಂಗ್ರಿಯ ಕಾವು ತಗುಲಿದ ಹೊಟ್ಟೆ ತೊಡೆಗಳ ಚರ್ಮದಲ್ಲಿ ಕಾಣಿಸಿಕೊಳ್ಳುವ ಅರ್ಬುದರೋಗವನ್ನು ವೈದ್ಯರು ಕಾಂಗ್ರಿಯ ಹೆಸರಿನಿಂದಲೇ ಕರೆಯುತ್ತಾರೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ವಿಷವಾಯುವೂ ಪ್ರಾಣಾಪಾಯಕರವಾದುದು. ಉಣ್ಣೆಯ ಅಂಗಿಯಲ್ಲಿ ಈ ಎರಡು ದೋಷಗಳೂ ಇಲ್ಲ.

ಇನ್ನು ಧರ್ಮದ ವಿಚಾರ. ‘ನನ್ನ ಹಣ, ನನ್ನ ಒಲೆ, ನಾನು ಎಷ್ಟು ಕಾಯಿಸಿಕೊಂಡರೆ ಪರರಿಗೇನು?’ ಎಂದು ಕೇಳುವವರುಂಟು. ಈ ಪ್ರಶ್ನೆಗೆ 2022ನೆಯ ಇಸವಿಯು ಉತ್ತರ ಹೇಳಿತು. ರಷ್ಯವು ಉಕ್ರೇನಿನ ಮೇಲೆ ದಂಡೆತ್ತಿದ ಆ ವರ್ಷ ಯೂರೋಪಿಗೆ ಬರುತ್ತಿದ್ದ ಅನಿಲವು ಕುಂದಿ ಬೆಲೆ ಗಗನಕ್ಕೇರಿತು. ಯೂರೋಪ್ ಒಕ್ಕೂಟದ ಮನೆಗಳವರು ಕೇವಲ ಒಂದು ಡಿಗ್ರಿಯಷ್ಟು ಕಾವನ್ನು ಇಳಿಸಿಕೊಂಡರೆ ವರ್ಷಕ್ಕೆ ಸುಮಾರು 1,000 ಕೋಟಿ ಘನಮೀಟರ್ ಅನಿಲ ಉಳಿಯುವುದೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಲೆಕ್ಕಹಾಕಿ ಹೇಳಿತು. ಇರುವುದು ಒಂದೇ ಕಣಜವಾದಾಗ ಬಲ್ಲಿದನು ಹೆಚ್ಚಾಗಿ ಮೊಗೆದುಕೊಂಡಷ್ಟೂ ಬಡವನ ಪಾಲು ತುಟ್ಟಿಯಾಗುತ್ತದೆ. ಆ ಹಣ ನನ್ನದಾಗಿರಬಹುದು, ಆದರೆ ಕಣಜ ನನ್ನೊಬ್ಬನದಲ್ಲ. ಆದುದರಿಂದ ಉಳ್ಳವನು ಅಂಗಿಯೊಂದನ್ನು ಹೆಚ್ಚಾಗಿ ತೊಡುವುದು ಬರಿಯ ಜಿಪುಣತನವೆನಿಸದು. ಪರರ ಪಾಲನ್ನು ಪರರಿಗೆ ಬಿಡುವ ಒಂದು ಬಗೆ ಅದು.

ಆದರೆ ಒಂದೇ ಉಪದೇಶವು ಬೇರೆ ಬೇರೆ ಬಾಯಿಂದ ಬಂದಾಗ ಅದರ ಬೆಲೆಯೂ ಬೇರೆಯಾಗುತ್ತದೆ. ಅಮೇರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರರು 1977ರ ಫೆಬ್ರವರಿ 2ರಂದು ತಾವೇ ಉಣ್ಣೆಯ ಅಂಗಿ ತೊಟ್ಟು, ಅಗ್ಗಿಷ್ಟಿಕೆಯ ಪಕ್ಕದಲ್ಲಿ ಕುಳಿತು, ದೇಶದ ಜನರನ್ನು ದೂರದರ್ಶನದಲ್ಲಿ ಉದ್ದೇಶಿಸಿ ಮಾತನಾಡಿದರು. ಮನೆಯ ಕಾವನ್ನು ಹಗಲು 65, ರಾತ್ರಿ 55 ಫ್ಯಾರನ್‌ಹೀಟ್ ಡಿಗ್ರಿಗೆ, ಎಂದರೆ ನಮ್ಮ ಎಣಿಕೆಯ ಸುಮಾರು 18 ಮತ್ತು 13 ಡಿಗ್ರಿಗೆ ಇಳಿಸಿರೆಂದು ಕೇಳಿಕೊಂಡರು. ಅವರನ್ನು ನಕ್ಕವರು ಅನೇಕರಿದ್ದರು. ಆದರೂ ತಾನು ತೊಟ್ಟುದನ್ನೇ ಪರರಿಗೆ ಹೇಳಿದರೆಂಬ ಗೌರವವನ್ನು ಅವರಿಗೆ ಸಲ್ಲಿಸಲೇಬೇಕು. ಇದಕ್ಕೆ ಎದುರಾಗಿ ಇಂಗ್ಲೆಂಡಿನ ಸಂಗತಿಯೊಂದನ್ನು ಇಟ್ಟು ನೋಡಿರಿ. 2022ರ ಜನವರಿಯಲ್ಲಿ ಇಂಧನವನ್ನು ಮಾರುವ ಒಂದು ಸಂಸ್ಥೆಯು, ವೆಚ್ಚ ತಗ್ಗಬೇಕಾದರೆ ಸಾಕುಪ್ರಾಣಿಗಳನ್ನು ಅಪ್ಪಿಕೊಂಡು ಕುಳಿತಿರಿ, ಬಿಸಿ ಗಂಜಿಯನ್ನು ಉಣ್ಣಿರಿ, ಹಾರಿ ಕುಣಿದು ವ್ಯಾಯಾಮ ಮಾಡಿರಿ ಎಂದು ತನ್ನ ಗ್ರಾಹಕರಿಗೆ ಬುದ್ಧಿ ಹೇಳಿ, ಜನರ ಕೋಪಕ್ಕೆ ತುತ್ತಾಗಿ ಕ್ಷಮೆ ಬೇಡಿತು. ಸಲಹೆ ಅಸತ್ಯವಾಗಿರಲಿಲ್ಲ, ಗಂಜಿ ಉಂಡರೆ ಮೈ ಬೆಚ್ಚಗಾಗುವುದು ದಿಟ. ಆದರೆ ಅಲ್ಲಿ ಸಾಧಾರಣ ಬಳಕೆಯ ಕುಟುಂಬಕ್ಕೆ ನಿಯಂತ್ರಿತ ದರದಂತೆ ವರ್ಷಕ್ಕೆ 1,277 ಪೌಂಡ್ ತಗಲುತ್ತಿದ್ದ ಇಂಧನವು ಆ ಏಪ್ರಿಲಿನಲ್ಲಿ 1,971 ಪೌಂಡಿಗೆ ಏರಿತು. ಉಣ್ಣುವುದೋ ಕಾಯಿಸಿಕೊಳ್ಳುವುದೋ ಎಂಬ ಇಕ್ಕಟ್ಟಿನಲ್ಲಿ ನಿಂತವನಿಗೆ ಮಾರಾಟಗಾರನು ತಾಳ್ಮೆಯನ್ನು ಬೋಧಿಸಿದರೆ ಅದು ಹುಣ್ಣಿನ ಮೇಲಿನ ಬರೆ.

ನಿಗ್ರಹವೆಂಬುದು ತನ್ನ ಮೈಮೇಲೆ ತಾನು ನಡೆಸತಕ್ಕದ್ದು. ಪರರ ಮೈಮೇಲೆ ನಡೆಸಿದಾಗ ಅದಕ್ಕೆ ಬೇರೆಯೇ ಹೆಸರು. ಕಾಯವನ್ನು ದೇವರ ಗುಡಿಯಾಗಿ ಕಂಡ ಶರಣರ ದಾರಿಯಲ್ಲಿ ಕಾಯವನ್ನು ಮೆರೆಸುವುದಕ್ಕೂ ಎಡೆಯಿಲ್ಲ, ನವೆಸುವುದಕ್ಕೂ ಎಡೆಯಿಲ್ಲ.

ಗೃಹಸ್ಥನ ತೊಡಕು ಇಲ್ಲಿಯೇ ಇದೆ. ಮನೆಯಲ್ಲಿ ತಾಪವನ್ನು ನಿಯಮಿಸುವ ಥರ್ಮೋಸ್ಟಾಟ್ ಒಂದೇ. ಅದನ್ನು ತಿರುಗಿಸುವ ಕೈ ಸಾಮಾನ್ಯವಾಗಿ ಗಳಿಸುವವನದು. ಚಳಿಯನ್ನು ಉಣ್ಣುವ ಮೈಗಳಾದರೋ ಹಲವು. ನಡುಹರೆಯದವನು ಮನೆಯಲ್ಲಿ ಅತ್ತಿತ್ತ ಓಡಾಡುತ್ತಾನೆ, ಅವನಿಗೆ 17 ಡಿಗ್ರಿಯೂ ಸಾಕು. ಎಪ್ಪತ್ತು ದಾಟಿದವರ ಸ್ಥಿತಿಯೇ ಬೇರೆ. ಅವರ ದೇಹದಲ್ಲಿ ಹುಟ್ಟುವ ಬಿಸಿಯೇ ಕಡಿಮೆ, ನಡುಕವೂ ಕಡಿಮೆ, ತಮಗೆ ಚಳಿಯಾಗಿದೆಯೆಂಬ ಅರಿವೇ ತಡವಾಗಿ ಬರುತ್ತದೆ. ತಣ್ಪಿಗೆ ಚರ್ಮದ ರಕ್ತನಾಳಗಳು ಕುಗ್ಗಿ ರಕ್ತದೊತ್ತಡವು ಏರುತ್ತದೆ, ಹೃದಯಕ್ಕೆ ಹೊರೆಯಾಗುತ್ತದೆ. ಎಷ್ಟು ಶಾಲು ಹೊದೆದರೂ ಉಸಿರಾಡುವ ಗಾಳಿ ತಣ್ಣಗಿರುವುದು ತಪ್ಪದು. ತಣ್ಣಗಾದ ಗೋಡೆಗಳ ಮೇಲೆ ತೇವ ಕಟ್ಟಿ ಬೂಷ್ಟು ಬೆಳೆದು ಮಕ್ಕಳ ಉಬ್ಬಸಕ್ಕೆ ಕಾರಣವಾಗುವುದೂ ಉಂಟು. ಇದನ್ನೆಲ್ಲ ಎಣಿಸಿಯೇ ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಚಳಿದೇಶಗಳ ಮನೆಯೊಳಗೆ 18 ಡಿಗ್ರಿಯನ್ನು ಕ್ಷೇಮದ ಕೆಳಮಿತಿಯೆಂದೂ, ವೃದ್ಧರು, ಶಿಶುಗಳು, ರೋಗಿಗಳು ಇರುವಲ್ಲಿ ಅದಕ್ಕಿಂತ ಹೆಚ್ಚು ಬೇಕಾಗಬಹುದೆಂದೂ ಸೂಚಿಸಿತು. ಜರ್ಮನಿಯು 2022ರ ಸೆಪ್ಟೆಂಬರಿನಿಂದ ತನ್ನ ಸಾರ್ವಜನಿಕ ಕಚೇರಿಗಳಲ್ಲಿ ಕಾವು 19 ಡಿಗ್ರಿಯನ್ನು ಮೀರಕೂಡದೆಂದು ವಿಧಿಸಿದಾಗ ಆಸ್ಪತ್ರೆ, ಶುಶ್ರೂಷಾಲಯ, ಶಾಲೆಗಳನ್ನು ಹೊರಗಿಟ್ಟಿತು. ಸರ್ಕಾರಕ್ಕೆ ತೋಚಿದ ಈ ಭೇದವು ಮನೆಯ ಯಜಮಾನನಿಗೆ ತೋಚದಿರಬಹುದೆ?

ತೋಚದಿರುವುದಕ್ಕೆ ಕಾರಣವೂ ಉಂಟು. ನಮ್ಮ ಹಿರಿಯರು ಕೇಳುವವರಲ್ಲ. ಮಗನ ಮನೆಗೆ ಹೋದ ತಾಯಿ, ಕರೆಂಟು ಗ್ಯಾಸುಗಳ ಬಿಲ್ಲಿನ ಮಾತು ಊಟದ ಹೊತ್ತಿನಲ್ಲಿ ಒಮ್ಮೆ ಕಿವಿಗೆ ಬಿದ್ದರೆ ಸಾಕು, ‘ನನಗೇನೂ ಚಳಿಯಿಲ್ಲಪ್ಪ, ನೀವು ಅದನ್ನು ಆರಿಸಿಬಿಡಿ’ ಎಂದುಬಿಡುತ್ತಾಳೆ. ನೂಲಿನ ಸೀರೆ, ಮನೆಯೊಳಗೆ ಚಪ್ಪಲಿ ಮೆಟ್ಟದ ಅಭ್ಯಾಸ, ತಣ್ಣನೆಯ ನೆಲ. ಸೊಸೆಗೆ ಹೊರೆಯಾಗಬಾರದೆಂಬ ಸಂಕೋಚ ಬೇರೆ. ಆಕೆಯ ಈ ಮಾತನ್ನು ಸಮ್ಮತಿಯೆಂದು ಎಣಿಸುವ ಮಗನು ಉಳಿಸಿದ ಹಣವು ಆಕೆಯ ಮೈಯಿಂದ ಉಳಿಸಿದುದು. ಹಿರಿಯರು ಕೂಡುವ ಕುರ್ಚಿಯ ಪಕ್ಕದಲ್ಲಿ ಸಣ್ಣದೊಂದು ಉಷ್ಣಮಾಪಕವನ್ನು ತೂಗಹಾಕಿದರೆ ಅವರನ್ನು ಕೇಳುವ ಪ್ರಮೇಯವೇ ಇರುವುದಿಲ್ಲ. ಅದಕ್ಕೆ ಸಂಕೋಚವೂ ಇಲ್ಲ. ಕಾಲಿಗೆ ಉಣ್ಣೆಯ ಚೀಲವನ್ನು ತಂದುಕೊಟ್ಟರೆ ಸಾಲದು, ಹಾಕಿಕೊಳ್ಳುವಂತೆ ಒಪ್ಪಿಸಬೇಕು.

ಅದರಲ್ಲಿಯೂ ಬೆಳಗಿನ ಹೊತ್ತನ್ನು ವಿಶೇಷವಾಗಿ ಗಮನಿಸಬೇಕು. ರಾತ್ರಿಯೆಲ್ಲ ಹೀಟರನ್ನು ತಗ್ಗಿಸಿಟ್ಟ ಮನೆಯಲ್ಲಿ ಹಿರಿಯರು ಎಲ್ಲರಿಗಿಂತ ಮೊದಲು ಎದ್ದು, ಸ್ನಾನಮಾಡಿ, ತಲೆಯ ತೇವ ಆರುವ ಮೊದಲೇ ತೆಳುವಾದ ಮಡಿವಸ್ತ್ರದಲ್ಲಿ ಇಷ್ಟಲಿಂಗಪೂಜೆಗೆ ಕೂಡುತ್ತಾರೆ. ಹೊದಿಕೆಯ ಉಪಾಯವು ಸಲ್ಲದ ಹೊತ್ತು ಅದು. ಆ ದೇಶಗಳ ಅನೇಕ ಮನೆಗಳಲ್ಲಿ ಒಂದೊಂದು ಕೋಣೆಯ ರೇಡಿಯೇಟರಿಗೂ ಬೇರೆ ಬೇರೆ ತಿರುಪು ಇರುತ್ತದೆ. ಪೂಜೆಯ ಕೋಣೆಯದನ್ನು ಮಾತ್ರ ಅರ್ಧ ಗಂಟೆ ಮೊದಲೇ ತಿರುಗಿಸಿಟ್ಟು, ಅವರು ಪೂಜೆ ಮುಗಿಸಿ ಶಾಲು ಹೊದೆದ ಮೇಲೆ ಇಳಿಸಬಹುದು; ಉಳಿದ ಕೋಣೆಗಳು ಅಲ್ಲಿಯವರೆಗೂ ತಣ್ಣಗೇ ಇರಲಿ, ಮಕ್ಕಳು ಸ್ವೆಟರ್ ಹಾಕಿಕೊಂಡು ಏಳಲಿ.