ದೋಣಿಯೊಳಗಿನ ಮೂವತ್ತು ಜನ

ಮುಲುಂಡಿನ ನಮ್ಮ ಬಾಡಿಗೆ ಮನೆಯ ಕರಾರುಪತ್ರದಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು ಎಂಬ ಷರತ್ತಿದೆ. ಅದನ್ನು ಮೀರಿ ತೂಗುಹಾಕಿದ್ದ ಒಂದು ಕಾಗದದ ಚಿತ್ರ ಎರಡೇ ಮಳೆಗಾಲಕ್ಕೆ ಗಾಜಿನೊಳಗೇ ಬೂಸ್ಟು ಹಿಡಿಯಿತು. ಹಾಗಾಗಿ ಮೂರು ವರ್ಷದ ಹಿಂದೆ ಲೋಹದ ಚಿತ್ರ ತರಿಸಿದೆ. ತೆಳು ಉಕ್ಕಿನ ಹಾಳೆಯ ಮೇಲೆ ಮುದ್ರಿಸಿ ಮೆರುಗು ಕೊಟ್ಟದ್ದು. ಗೋಡೆಗೆ ಒಂದು ಅಯಸ್ಕಾಂತದ ಬಿಲ್ಲೆ ಅಂಟಿಸಿ ಹಾಳೆಯನ್ನು ಹತ್ತಿರ ಹಿಡಿದರೆ ಟಪ್ಪೆಂದು ಕೂರುತ್ತದೆ. ಮೊಳೆ ಬೇಡ, ಗಾಜು ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಆಯಿತು.

ಚಿತ್ರ ನೀವೆಲ್ಲ ಬಲ್ಲದ್ದೇ: ಜಪಾನಿನ ಹೊಕುಸಾಯ್‌ನ ದೊಡ್ಡ ಅಲೆ. ಟೀ ಶರ್ಟಿನ ಮೇಲೆ, ಮೊಬೈಲ್ ಕವರಿನ ಮೇಲೆ, 2024ರಿಂದ ಜಪಾನಿನ ಸಾವಿರ ಯೆನ್ ನೋಟಿನ ಮೇಲೂ ಇರುವ ಅಲೆ. ನಮ್ಮ ಸೋಫಾದ ನೀಲಿಗೆ ಅದು ಚೆನ್ನಾಗಿ ಹೊಂದುತ್ತಿತ್ತು. ಆರಿಸಿದ್ದಕ್ಕೆ ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಮನೆಗೆ ಬಂದ ಗೆಳೆಯನೊಬ್ಬ ನೋಡಿ ನಕ್ಕ. 'ಮರದಚ್ಚಿನಲ್ಲಿ ಕಾಗದದ ಮೇಲೆ ಆದದ್ದನ್ನು ತಗಡಿಗೆ ಬಡಿದಿದ್ದಾರೆ. ಇದು ನಕಲಿನ ನಕಲು, ಅಸಲಿಗೆ ಅವಮಾನ,' ಅಂದ. ಮಾತು ಚುಚ್ಚಿತು. ಆ ರಾತ್ರಿಯೇ ಓದಲು ಕೂತೆ.

ಓದುತ್ತ ಹೋದಂತೆ, ಈ ಚಿತ್ರದ ಮಟ್ಟಿಗೆ 'ಅಸಲು' ಎಂಬ ಮಾತೇ ಸಡಿಲವೆಂದು ಗೊತ್ತಾಯಿತು. 1831ರ ಸುಮಾರಿಗೆ, ಎಪ್ಪತ್ತರ ಆಸುಪಾಸಿನ ಹೊಕುಸಾಯ್ 'ಫುಜಿ ಬೆಟ್ಟದ ಮೂವತ್ತಾರು ನೋಟಗಳು' ಮಾಲಿಕೆಗಾಗಿ ಇದನ್ನು ಬರೆದ. (ಜನ ಮೆಚ್ಚಿದ್ದರಿಂದ ಆಮೇಲೆ ಹತ್ತು ಸೇರಿ, ಮೂವತ್ತಾರು ನಲವತ್ತಾರಾಯಿತು.) ಅವನು ಕೊಟ್ಟದ್ದು ಗೆರೆಚಿತ್ರ. ಅದನ್ನು ಚೆರಿ ಮರದ ಹಲಗೆಗೆ ಕವುಚಿ ಅಂಟಿಸಿ, ಕೆತ್ತುವವನು ಕಾಗದದ ಸಮೇತ ಕೆತ್ತುತ್ತಿದ್ದ. ಅಂದರೆ ಕಲಾವಿದನ ಕೈಯ ಚಿತ್ರ ಮೊದಲ ಹೆಜ್ಜೆಯಲ್ಲೇ ನಾಶವಾಗುತ್ತಿತ್ತು. ಆಮೇಲೆ ಬಣ್ಣಕ್ಕೊಂದರಂತೆ ಹಲಗೆಗಳು, ಹಲಗೆಗೆ ಬಣ್ಣ ಸವರಿ ಕಾಗದವನ್ನು ಕೈಯಿಂದ ಉಜ್ಜಿ ಅಚ್ಚೊತ್ತುವವನು, ಹಣ ಹಾಕುವ ಪ್ರಕಾಶಕ. ಸಾವಿರಗಟ್ಟಲೆ ಪ್ರತಿಗಳು ಹೊರಬಂದವು. ಹಲಗೆ ಸವೆದಂತೆ ಗೆರೆಗಳೂ ಸವೆದವು. ಒಂದು ಪ್ರತಿಯನ್ನು ಸಾಮಾನ್ಯ ಊಟದ ಬೆಲೆಗೆ ಕೊಳ್ಳಬಹುದಿತ್ತು. ನೀಲಿಯೂ ಅಪ್ಪಟ ಜಪಾನಿನದಲ್ಲ, ಯುರೋಪಿನಲ್ಲಿ ಹುಟ್ಟಿದ ಪ್ರಷ್ಯನ್ ನೀಲಿ.

ನಮಗೂ ಇದು ಹೊಸತಲ್ಲ. 1894ರಲ್ಲಿ ಇದೇ ಮುಂಬಯಿಯಲ್ಲಿ ಶುರುವಾಗಿ, ಮುಂದೆ ಲೋಣಾವಳದ ಬಳಿಯ ಮಳವಳಿಗೆ ಹೋದ ರವಿವರ್ಮನ ಮುದ್ರಣಾಲಯದ ಲಕ್ಷ್ಮಿ, ಸರಸ್ವತಿಯರು ನಮ್ಮ ಅಜ್ಜಿಯರ ದೇವರ ಗೂಡಿಗೆ ಬಂದದ್ದು ಕಲ್ಲಚ್ಚಿನ ಪ್ರತಿಗಳಾಗಿಯೇ. ಮೂಲ ತೈಲಚಿತ್ರ ಯಾವ ಅರಮನೆಯಲ್ಲಿದೆ ಎಂದು ಕೇಳಿ ಯಾರೂ ಹೂ ಏರಿಸಲಿಲ್ಲ. ಪ್ರತಿಗೆ ಬೆಲೆ ಬಂದದ್ದು ಅದನ್ನು ದಿನಾ ನೋಡಿದ ಕಣ್ಣಿನಿಂದ.

ಗೆಳೆಯನಿಗೆ ಇಷ್ಟನ್ನೂ ಉದ್ದದ ಸಂದೇಶವಾಗಿ ಕಳಿಸಿ, ಗೆದ್ದೆ ಅಂದುಕೊಂಡೆ.

ಹೋದ ಡಿಸೆಂಬರಿನಲ್ಲಿ ಗಂಗೊಳ್ಳಿಯಿಂದ ಮಾವ ಬಂದರು. ಬಂದರಿನ ಕೆಲಸದಲ್ಲೇ ಬದುಕು ಸವೆಸಿದವರು. ಕಾಫಿ ಲೋಟ ಹಿಡಿದು ಚಿತ್ರದ ಹತ್ತಿರ ಹೋಗಿ, ಕನ್ನಡಕ ಏರಿಸಿ ಸುಮಾರು ಹೊತ್ತು ನಿಂತರು. ಆಮೇಲೆ ಕೇಳಿದರು: 'ಇವ್ರ್ ಮೀನ್ ಹಿಡುಕ್ ಹೋಪವ್ರಾ, ಹಿಡ್ಕಂಡ್ ಬಪ್ಪವ್ರಾ?'

'ಯಾರು ಮಾವ?' ಅಂದೆ.

ಅವರು ತಿರುಗಿ ನನ್ನನ್ನು ನೋಡಿದರು. ಬೈಯಲಿಲ್ಲ. ಬೆರಳಿಟ್ಟು ತೋರಿಸಿದರು.

ಮೂರು ಉದ್ದನೆಯ ದೋಣಿಗಳು. ಒಂದೊಂದರಲ್ಲೂ ಹುಟ್ಟಿಗೆ ಬಾಗಿ, ತಲೆ ತಗ್ಗಿಸಿ, ಸಾಲಾಗಿ ಕೂತ ಜನ. ಒಟ್ಟು ಮೂವತ್ತರ ಹತ್ತಿರ. ತಾಜಾ ಮೀನನ್ನು ಎದೊ ನಗರದ, ಅಂದರೆ ಇಂದಿನ ಟೋಕಿಯೊದ, ಪೇಟೆಗೆ ಬೇಗ ಸಾಗಿಸುವ ದೋಣಿಗಳವು ಎಂದು ಆಮೇಲೆ ಓದಿ ತಿಳಿದೆ. ಮೇಲೆ ಅಲೆ ಉಗುರು ಚಾಚಿ ನಿಂತಿದೆ. ಮುಂದಿನ ಗಳಿಗೆ ಏನಾಯಿತೆಂದು ಚಿತ್ರ ಹೇಳುವುದಿಲ್ಲ. ಮೂರು ವರ್ಷ ಅದರ ಕೆಳಗೆ ಕೂತು ಚಹಾ ಕುಡಿದಿದ್ದೆ, ವಾರಕ್ಕೊಮ್ಮೆ ಧೂಳು ಒರೆಸಿದ್ದೆ. ದೋಣಿ ಇವೆಯೆಂದು ಗೊತ್ತಿತ್ತು, ಅವುಗಳಲ್ಲಿ ಜನರಿದ್ದಾರೆಂಬುದು ಹೊಳೆದಿರಲಿಲ್ಲ.

ಕೆಲವು ದಿನಗಳ ಬಳಿಕ ಒಂದು ಹೋಟೆಲಿನ ಲಾಬಿಯಲ್ಲಿ ಇದೇ ಚಿತ್ರದ ದೊಡ್ಡ ಲೋಹದ ಪ್ರತಿ ಕಂಡೆ. ಅದರಲ್ಲಿ ದೋಣಿಗಳೇ ಇರಲಿಲ್ಲ. ಅಚ್ಚುಕಟ್ಟಾಗಿ ಅಳಿಸಿ, ಅಲೆ ಮತ್ತು ಬೆಟ್ಟ ಎರಡನ್ನೇ ಉಳಿಸಿದ್ದರು. ಮೊದಲು ಸಿಟ್ಟು ಬಂತು, ಹಿಂದೆಯೇ ನಾಚಿಕೆ. ಅವರು ಕಂಪ್ಯೂಟರಿನಲ್ಲಿ ಮಾಡಿದ್ದನ್ನೇ ನಾನು ಕಣ್ಣಿನಲ್ಲಿ ಮಾಡಿದ್ದೆನಲ್ಲ.

ಹಾಗಾದರೆ ಗೆಳೆಯನ ಪ್ರಶ್ನೆಯೂ ತಪ್ಪು, ನನ್ನ ಉತ್ತರವೂ ಅರ್ಧ. ಕಾಗದ ಹೋಗಿ ಉಕ್ಕು ಬಂದರೆ ಚಿತ್ರಕ್ಕೆ ಮೋಸವಾಗುವುದಿಲ್ಲ. ಅಗ್ಗವಾಗಿ ಹಲವರ ಮನೆ ಸೇರುವುದು ಅದರ ಹುಟ್ಟುಗುಣ. ಅದರೊಳಗಿನ ಜನರನ್ನು ಬಿಟ್ಟರೆ ಮೋಸ. ಆದರೆ ಲೋಹವನ್ನು ಪೂರ್ತಿ ನಿರಪರಾಧಿ ಎನ್ನಲೂ ಆರೆ. ಕಾಗದದ ಪ್ರತಿಗೆ ಬಿಸಿಲು ತಾಗಿದರೆ ಬಣ್ಣ ಮಾಸುತ್ತದೆ. ಅದಕ್ಕೇ ಮ್ಯೂಸಿಯಮ್ಮುಗಳು ಅದನ್ನು ಕೆಲ ಕಾಲ ತೋರಿಸಿ, ಮತ್ತೆ ಕತ್ತಲಲ್ಲಿ ಎತ್ತಿಡುತ್ತವೆ. ಹಾಳಾಗಬಲ್ಲ ವಸ್ತು ನಮ್ಮಿಂದ ಜಾಗ್ರತೆ ಕೇಳುತ್ತದೆ. ಜಾಗ್ರತೆಯಿದ್ದಲ್ಲಿ ನೋಟವೂ ಇರುತ್ತದೆ. ಏನನ್ನೂ ಕೇಳದ ವಸ್ತು ನಿಧಾನಕ್ಕೆ ಗೋಡೆಯೇ ಆಗಿಬಿಡುತ್ತದೆ.

ಬೇರೆಯವರ ಅಪಾಯವನ್ನು ನಮ್ಮ ಮನೆಯ ಅಂದಕ್ಕೆ ಬಳಸಬಹುದೇ? ಬಳಸಲೇಬಾರದು ಎಂದರೆ ಅರ್ಧ ಕಲೆಯನ್ನು ಅಟ್ಟಕ್ಕೆ ಹಾಕಬೇಕಾದೀತು. ನನಗೆ ತೋಚುವುದಿಷ್ಟು: ಬಾಡಿಗೆ ಕೊಟ್ಟು ಬಳಸಬಹುದು, ಆ ಬಾಡಿಗೆ ಗಮನ. ಅದನ್ನು ನಾನು ಮೂರು ವರ್ಷ ಬಾಕಿ ಉಳಿಸಿಕೊಂಡಿದ್ದೆ. ಚಿತ್ರದ ಎಡಮೂಲೆಯಲ್ಲಿ ಹೊಕುಸಾಯ್‌ನ ಸಹಿಯಿದೆ. ಗೆರೆ ಕೆತ್ತಿದವನ, ಅಚ್ಚೊತ್ತಿದವನ ಹೆಸರಿಲ್ಲ. ನನ್ನ ಉಕ್ಕಿನ ಹಾಳೆಯನ್ನು ಮುದ್ರಿಸಿದವರ ಹೆಸರೂ ಇಲ್ಲ. ಈ ಬಾಕಿ ದೋಣಿಯಷ್ಟಕ್ಕೇ ನಿಲ್ಲುವುದಿಲ್ಲ.

ಚಿತ್ರವನ್ನು ತೆಗೆಯಲಿಲ್ಲ. ಅಯಸ್ಕಾಂತವನ್ನು ಸೋಫಾದ ಮೇಲಿನಿಂದ ಕಿತ್ತು, ಊಟದ ಮೇಜಿನ ಎದುರು, ಕೂತಾಗ ಕಣ್ಣಿನ ಮಟ್ಟಕ್ಕೆ ಬರುವಂತೆ ಅಂಟಿಸಿದೆ. ನೀಲಿ ಈಗ ಯಾವುದಕ್ಕೂ ಹೊಂದುವುದಿಲ್ಲ. ಮಾವನ ಪ್ರಶ್ನೆಗೆ ಖಚಿತ ಉತ್ತರ ಇನ್ನೂ ಕೊಟ್ಟಿಲ್ಲ. ಫೋನಿನಲ್ಲಿ ಅವರು ಪ್ರತಿ ಸಲವೂ ಕೇಳುತ್ತಾರೆ: 'ಆ ದೋಣಿಯವ್ರ್ ಎಂತ ಮಾಡ್ತಿದ್ರು?'

'ಇದ್ದಾರೆ ಮಾವ,' ಅನ್ನುತ್ತೇನೆ, ಒಮ್ಮೆ ಅತ್ತ ನೋಡಿ.