ಗೆರೆಯ ಹಿಂದಿನ ತೀರ್ಮಾನ

ಪುಸ್ತಕದ ಕಪಾಟು, ಬಾಲ್ಕನಿಗೊಂದು ಮಡಚುವ ಮೇಜು, ಮಗುವಿಗೊಂದು ಸ್ಟೂಲು. ಇಂಥದ್ದನ್ನು ತಾವೇ ಮಾಡಬೇಕೆಂದೋ ತಮ್ಮ ಮನಸ್ಸಿನಲ್ಲಿರುವಂತೆ ಬಡಗಿಯಿಂದ ಮಾಡಿಸಬೇಕೆಂದೋ ಹೊರಟವರು ಇವತ್ತು ಮೊದಲು ಕೇಳುವ ಪ್ರಶ್ನೆ ಹೆಚ್ಚಾಗಿ ಇದು: ಕಂಪ್ಯೂಟರಿನಲ್ಲಿ ನಕ್ಷೆ ಬರೆಯಲು ಸುಲಭವಾದ, ದುಡ್ಡು ಹೆಚ್ಚು ಬೇಡದ ಸಾಫ್ಟ್‌ವೇರ್ ಯಾವುದು? ನಾಲ್ಕು ಹೆಸರು ಹೇಳಿ ಮುಗಿಸಬಹುದು. ಆದರೆ ಅದರೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ನಕ್ಷೆ ಬರೆಯುವಾಗ ನಾವು ನಿಜವಾಗಿ ಮಾಡುತ್ತಿರುವುದೇನು? ಅದು ತಿಳಿಯದೆ ಆರಿಸಿಕೊಂಡ ಸಾಧನ ಅರ್ಧ ದಾರಿಯಲ್ಲಿ ಕೈಬಿಡುತ್ತದೆ.

ಈ ಒಳಪ್ರಶ್ನೆಗೆ ತುಂಬ ಚೆನ್ನಾದ ಉತ್ತರ 1963ರಷ್ಟು ಹಿಂದೆಯೇ ಸಿಕ್ಕಿತ್ತು. ಆ ವರ್ಷ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ತಮ್ಮ ಪಿಎಚ್‌ಡಿಗಾಗಿ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಮನ್ನು ಮಂಡಿಸಿದರು. ಟಿಎಕ್ಸ್-2 ಎಂಬ ಭಾರಿ ಕಂಪ್ಯೂಟರಿನ ಪರದೆಯ ಮೇಲೆ ಲೈಟ್ ಪೆನ್ ಹಿಡಿದು ಗೆರೆ ಎಳೆಯಬಹುದಾಗಿತ್ತು. ನೋಡಿದವರನ್ನು ಬೆರಗಾಗಿಸಿದ್ದು ಆ ಪೆನ್ನು. ಆದರೆ ದೊಡ್ಡ ವಿಚಾರವಿದ್ದದ್ದು ಬೇರೆ ಕಡೆ. ಗೆರೆಗಳನ್ನು ಹೇಗೋ ಸೊಟ್ಟಗೆ ಎಳೆದು, ಇವೆರಡು ಸಮಾನಾಂತರ, ಇವೆರಡರ ಉದ್ದ ಒಂದೇ ಎಂದು ಹೇಳಿದರೆ ಸಾಕು, ಚಿತ್ರ ತಾನೇ ತಿದ್ದಿಕೊಳ್ಳುತ್ತಿತ್ತು. ಕಾಗದದ ಮೇಲಿನ ಗೆರೆ ಶಾಯಿಯ ಗುರುತು ಮಾತ್ರ. ಸದರ್‌ಲ್ಯಾಂಡ್ ಅವರ ಗೆರೆಗೆ ಪಕ್ಕದ ಗೆರೆಯೊಂದಿಗೆ ತನಗಿರುವ ಸಂಬಂಧ ಗೊತ್ತಿತ್ತು. ಅಂದರೆ ನಕ್ಷೆ ಎಂಬುದು ಚಿತ್ರಕ್ಕಿಂತ ಹೆಚ್ಚಾಗಿ ತೀರ್ಮಾನಗಳ ದಾಖಲೆ.

ಒಂದು ಆಯತ ಬರೆದು ನೋಡಿ. ಅಡ್ಡಗೆರೆಗಳು ಮಟ್ಟಸವಾಗಿರಬೇಕು, ನಿಂತ ಗೆರೆಗಳು ನೇರವಾಗಿರಬೇಕು ಎಂದಷ್ಟೇ ಹೇಳಿದರೆ ಅದಕ್ಕಿನ್ನೂ ನೆಲೆಯಿಲ್ಲ. ಪಕ್ಕಕ್ಕೆ ಸರಿಯಬಹುದು, ಮೇಲೆ ಕೆಳಗೆ ಸರಿಯಬಹುದು, ಅಗಲ ಬದಲಾಗಬಹುದು, ಎತ್ತರ ಬದಲಾಗಬಹುದು. ಒಂದು ಮೂಲೆಯನ್ನು ಮೂಲಬಿಂದುವಿಗೆ ಕಟ್ಟಿದರೆ ಮೊದಲ ಎರಡು ಚಲನೆ ನಿಂತವು. ಅಗಲ ಹೇಳಿದರೆ ಮೂರನೆಯದು. ಎತ್ತರವನ್ನೂ ಹೇಳಿದ ಕೂಡಲೇ ಫ್ರೀಕ್ಯಾಡ್ ಎಂಬ ಸಾಫ್ಟ್‌ವೇರ್‌ನಲ್ಲಿ ಗೆರೆಗಳೆಲ್ಲ ಹಸಿರಾಗುತ್ತವೆ. ತೀರ್ಮಾನವಾಗದೆ ಉಳಿದದ್ದು ಇನ್ನೇನೂ ಇಲ್ಲ ಎಂದು ಅದರ ಅರ್ಥ. ಹಸಿರಾಗದೆ ಉಳಿದಿದ್ದರೆ ನಾವು ಯೋಚಿಸಬೇಕಾದದ್ದು ಏನೋ ಉಳಿದಿದೆ. ಯಂತ್ರವೊಂದು ಇಷ್ಟು ಸೌಮ್ಯವಾಗಿ ಮನುಷ್ಯನನ್ನು ಯೋಚನೆಗೆ ಹಚ್ಚುವ ಬೇರೆ ಉದಾಹರಣೆ ನನಗೆ ತಿಳಿದಿಲ್ಲ.

ಕಪಾಟಿನ ವಿಷಯಕ್ಕೇ ಬರೋಣ. ಅದರ ಎತ್ತರವನ್ನು ಹೇಳುವುದು ಯಾವುದು? ಗೋಡೆಯೋ, ಪುಸ್ತಕಗಳೋ, ಅಥವಾ ಮನೆಯಲ್ಲಿ ಎಲ್ಲರಿಗಿಂತ ಕುಳ್ಳಗಿರುವವರ ಕೈಗೆ ಎಟುಕುವ ಅಳತೆಯೋ? ಯಾವ ಅಳತೆ ಒಡೆಯ, ಯಾವುದು ಅದನ್ನು ಹಿಂಬಾಲಿಸುವುದು? ಪೆನ್ಸಿಲ್ ಹಿಡಿದಾಗ ಈ ಪ್ರಶ್ನೆಗಳನ್ನು ದಾಟಿ ಹೋಗಬಹುದು, ಕಾಗದ ಎದುರಾಡುವುದಿಲ್ಲ. ಸಂಬಂಧಗಳನ್ನು ಕೇಳುವ ಸಾಫ್ಟ್‌ವೇರ್ ದಾಟಲು ಬಿಡುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಪ್ಲೈವುಡ್ ಹಾಳೆಯ ಉದ್ದಗಲವನ್ನು ಎಂಟಡಿ ನಾಲ್ಕಡಿ ಎಂದು ಹೇಳುತ್ತಾರೆ, ದಪ್ಪವನ್ನು ಮಾತ್ರ ಮಿಲಿಮೀಟರಿನಲ್ಲಿ. 18 ಎಂದು ಮುದ್ರೆ ಒತ್ತಿದ ಹಾಳೆ ಅಳೆದಾಗ 17ರ ಹತ್ತಿರ ಇರುವುದೂ ಉಂಟು. ಹೊರಗಿನ ಅಗಲ 900 ಮಿಲಿಮೀಟರ್ ಎಂದು ಗಟ್ಟಿ ಮಾಡಿಕೊಂಡಿದ್ದರೆ ನಡುವಿನ ಹಲಗೆ 864 ಅಲ್ಲ, 866 ಆಗಬೇಕು. ಹಲಗೆ ಕೂರುವ ಪ್ರತಿಯೊಂದು ಕಚ್ಚಿನ ಅಗಲವೂ ಬದಲಾಗಬೇಕು. ಹಲಗೆಯ ದಪ್ಪವನ್ನು ಒಂದು ಕಡೆ ಬರೆದಿಟ್ಟು, ಉಳಿದ ಅಳತೆಗಳನ್ನೆಲ್ಲ ಅದಕ್ಕೆ ಜೋಡಿಸಿದ್ದರೆ ಆ ಒಂದು ಅಂಕಿಯನ್ನು ತಿದ್ದಿದರೆ ಸಾಕು, ಇಡೀ ಕಪಾಟು ಹೊಸ ಅಳತೆಗೆ ಒಗ್ಗಿಕೊಳ್ಳುತ್ತದೆ. ಜೋಡಿಸಿರದಿದ್ದರೆ ಒಂದೊಂದೇ ಗೆರೆ ಹುಡುಕಿ ತಿದ್ದಬೇಕು. ಅಲ್ಲಿ ತಪ್ಪಿದ ಒಂದು ಗೆರೆ ಗರಗಸದ ಬಾಯಿಗೆ ಹೋದ ಮೇಲೆಯೇ ಗೊತ್ತಾಗುವುದು.

ಆದ್ದರಿಂದ ಹೊಸಬರಿಗೆ ಸುಲಭ ಎಂಬ ಮಾತನ್ನು ತುಸು ನಿಧಾನವಾಗಿ ತೂಗಿ ನೋಡಬೇಕು. ಮೊದಲ ಗಂಟೆಯಲ್ಲಿ ಸುಲಭವಾದದ್ದು ಒಂದು, ಬರೆದದ್ದನ್ನು ಮೂರನೆಯ ಸಲ ಬದಲಿಸುವಾಗ ಸುಲಭವಾದದ್ದು ಇನ್ನೊಂದು. ಟಿಂಕರ್‌ಕ್ಯಾಡ್‌ನಲ್ಲಿ ಶಾಲೆಯ ಮಗು ಕೂಡ ಘನಗಳನ್ನು ಸೇರಿಸಿ, ಕೊರೆದು ಒಂದು ಸಂಜೆಯಲ್ಲಿ ಕೀಲಿಗೊಂಚಲಿನ ಬಿಲ್ಲೆ ಮಾಡಬಲ್ಲದು. ಸ್ಕೆಚ್‌ಅಪ್‌ನಲ್ಲಿ ಒಂದು ಮುಖವನ್ನು ಹಿಡಿದು ಎಳೆದರೆ ಪೆಟ್ಟಿಗೆ ಎದ್ದು ನಿಲ್ಲುತ್ತದೆ, ಆ ಕ್ಷಣದ ಸಂತೋಷ ದೊಡ್ಡದು. ನೆಲದ ನಕ್ಷೆಯಂಥ ಸಮತಲದ ಕೆಲಸಕ್ಕೆ ಲಿಬ್ರೆಕ್ಯಾಡ್ ಹಗುರವೂ ಹೌದು, ಉಚಿತವೂ ಹೌದು. ಓಪನ್‌ಸ್ಕ್ಯಾಡ್‌ನಲ್ಲಿ ಆಕಾರವನ್ನು ಪ್ರೋಗ್ರಾಮಿನ ಸಾಲುಗಳಾಗಿ ಬರೆಯಬೇಕು, ಆ ಅಭ್ಯಾಸ ಇರುವವರಿಗೆ ಅದು ನೀರು ಕುಡಿದಷ್ಟು ಸಲೀಸು. ಇವುಗಳಲ್ಲಿ ಕೆಟ್ಟದ್ದೆಂಬುದಿಲ್ಲ. ಆದರೆ ಆಕಾರದ ಬಗ್ಗೆ ಯೋಚಿಸಲು ಒಂದೊಂದೂ ಒಂದೊಂದು ರೀತಿಯನ್ನು ಕಲಿಸುತ್ತದೆ, ಮೊದಲು ಕಲಿತ ರೀತಿ ಬಹುಕಾಲ ಕೈಯಲ್ಲಿ ಉಳಿಯುತ್ತದೆ.

ಇನ್ನು ಬೆಲೆ. ದುಡ್ಡು ಕೊಡದೆ ಸಿಗುವುದಕ್ಕೂ ಒಂದು ಬೆಲೆಯಿದೆ. ಆನ್‌ಶೇಪ್ ಎಂಬ ಸಾಫ್ಟ್‌ವೇರ್‌ನ ಉಚಿತ ಖಾತೆಯಲ್ಲಿ ನೀವು ಬರೆದದ್ದೆಲ್ಲ ಎಲ್ಲರಿಗೂ ಕಾಣುವಂತಿರುತ್ತದೆ. ಫ್ಯೂಷನ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನ ಹವ್ಯಾಸಿ ಪರವಾನಗಿಗೆ 2020ರಲ್ಲಿ ಮಿತಿಗಳು ಬಂದವು, ಏಕಕಾಲಕ್ಕೆ ತಿದ್ದಬಹುದಾದ ಕಡತಗಳು ಹತ್ತೇ ಎಂಬುದು ಅವುಗಳಲ್ಲೊಂದು. ಆಟೋಡೆಸ್ಕ್ ಹವ್ಯಾಸಿಗಳಿಗೆಂದೇ ಕೊಡುತ್ತಿದ್ದ 123ಡಿ ಎಂಬ ಉಚಿತ ಸಾಧನಗಳ ಸಾಲನ್ನು 2017ರಲ್ಲಿ ಹಿಂತೆಗೆದುಕೊಂಡಿತು. ಸ್ಕೆಚ್‌ಅಪ್ 2006ರಲ್ಲಿ ಗೂಗಲ್ ಕೈಸೇರಿ, 2012ರಲ್ಲಿ ಟ್ರಿಂಬಲ್ ಪಾಲಾಯಿತು. ಕಂಪ್ಯೂಟರಿಗೆ ಇಳಿಸಿಕೊಂಡು ಬಳಸುತ್ತಿದ್ದ ಅದರ ಉಚಿತ ಆವೃತ್ತಿಯ ಕೊನೆಯ ಬಿಡುಗಡೆಯೂ 2017ರದ್ದೇ. ಕಂಪನಿಗಳು ತಮ್ಮ ಲೆಕ್ಕ ನೋಡಿಕೊಳ್ಳುವುದು ಸಹಜ, ಅದನ್ನು ದೂರಲಾರೆ. ನನ್ನ ಚಿಂತೆ ಇಷ್ಟೆ: ನಮ್ಮ ಭಾನುವಾರಗಳನ್ನು ಕೊಟ್ಟು ಮಾಡಿದ ತೀರ್ಮಾನಗಳು ಇನ್ನೊಬ್ಬರ ಲೆಕ್ಕದ ಮೇಲೆ ನಿಂತಿರಬೇಕೇ?

ಮಧ್ಯಪ್ರದೇಶದ ಭೋಜಪುರದಲ್ಲಿ 11ನೇ ಶತಮಾನದ, ಪೂರ್ತಿಯಾಗದೆ ಉಳಿದ ಶಿವಾಲಯವಿದೆ. ಅದರ ಸುತ್ತಲಿನ ಬಂಡೆಗಳ ಮೇಲೆ ಆ ಕಾಲದ ಸ್ಥಪತಿಗಳು ಕೊರೆದ ನಕ್ಷೆಗಳು ಇಂದಿಗೂ ಕಾಣಸಿಗುತ್ತವೆ. ಅವುಗಳಲ್ಲಿ ನೆಲದ ವಿನ್ಯಾಸ, ಕಂಬಗಳು, ಶಿಖರದ ಅಂಚು ಎಲ್ಲ ಇವೆ. ಕಟ್ಟಡ ಮುಗಿಯಲಿಲ್ಲ, ಕಟ್ಟುವವರ ತೀರ್ಮಾನ ಮಾತ್ರ ಉಳಿಯಿತು. ಅದನ್ನು ಓದಲು ಯಾರ ಪರವಾನಗಿಯೂ ಬೇಡ, ಕಣ್ಣು ಮತ್ತು ತಿಳಿವಳಿಕೆ ಇದ್ದರೆ ಸಾಕು. ನಮ್ಮ ಕಡತಗಳು ಸಾವಿರ ವರ್ಷ ಬಾಳಬೇಕೆಂದು ನಾನು ಕೇಳುವುದಿಲ್ಲ. ಹತ್ತು ವರ್ಷ ಕಳೆದು, ಮುರಿದ ಒಂದು ಕಾಲನ್ನು ಮತ್ತೆ ಮಾಡಿಸಬೇಕಾದಾಗ ತೆರೆಯುವಂತಿದ್ದರೆ ಸಾಕು. ತೆರೆಯುವ ದಾರಿಗಳು ಇವೆ. ಡಿಎಕ್ಸ್‌ಎಫ್ ಕಡತ ಸಾಮಾನ್ಯವಾಗಿ ಬರೀ ಅಕ್ಷರ, ಅಂಕಿಗಳಲ್ಲಿ ಇರುವಂಥದ್ದು, ಹಲವು ಸಾಫ್ಟ್‌ವೇರ್‌ಗಳು ಅದನ್ನು ಓದುತ್ತವೆ. ಸ್ಟೆಪ್ ಎಂಬುದು ಐಎಸ್‌ಒ ಅಂಗೀಕರಿಸಿದ ಮಾನದಂಡ. ಫ್ರೀಕ್ಯಾಡ್‌ನ ಸ್ವಂತ ಕಡತವನ್ನು ಬಿಚ್ಚಿ ನೋಡಿದರೆ ಒಳಗೆ ಓದಬಹುದಾದ ಎಕ್ಸ್‌ಎಂಎಲ್ ಸಿಗುತ್ತದೆ.

ಫ್ರೀಕ್ಯಾಡ್ ಎಲ್ಲಕ್ಕಿಂತ ಸುಲಭ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲ ಕೆಲವು ವಾರ ಅದು ಒರಟು, ಗುಂಡಿಗಳು ಹೆಚ್ಚು, ಯಾವ ಕೆಲಸಕ್ಕೆ ಯಾವ ಕಡೆ ಹೋಗಬೇಕು ಎಂಬುದೇ ಗೊಂದಲ. ಒಂದು ಮುಖವನ್ನು ಬದಲಿಸಿದರೆ ಅದರ ಮೇಲೆ ನಿಂತ ಉಳಿದದ್ದೆಲ್ಲ ಕುಸಿಯುವ ಹಳೆಯ ತೊಂದರೆಯೊಂದಿತ್ತು. ನವೆಂಬರ್ 2024ರಲ್ಲಿ ಬಂದ 1.0 ಆವೃತ್ತಿಯಲ್ಲಿ ಅದು ಬಹಳಮಟ್ಟಿಗೆ ತಗ್ಗಿದೆ, ಬಿಡಿಭಾಗಗಳನ್ನು ಜೋಡಿಸಿ ನೋಡುವ ವ್ಯವಸ್ಥೆಯೂ ಅದರೊಳಗೇ ಸೇರಿದೆ. ಸುಮಾರು ಎರಡು ದಶಕಗಳ ಕಾಲ ಬಹುಪಾಲು ಸ್ವಯಂಸೇವಕರೇ ಬೆಳೆಸಿದ ಕೆಲಸ ಅದು. ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ, ಖಾತೆ ತೆರೆಯಬೇಕಿಲ್ಲ, ಯಾರೂ ಅದನ್ನು ನಿಮ್ಮಿಂದ ಹಿಂತೆಗೆದುಕೊಳ್ಳಲಾರರು.

ಪೆನ್ಸಿಲನ್ನು ಮಾತ್ರ ಬಿಡಬೇಡಿ. ಡಿಪ್ಲೊಮಾ ಓದಿದವರಿಗೆ ಮಿನಿ ಡ್ರಾಫ್ಟರ್ ಹಿಡಿದು ಮೇಲಿನ ನೋಟ, ಮುಂದಿನ ನೋಟ, ಪಕ್ಕದ ನೋಟಗಳನ್ನು ಹೊಂದಿಸಿದ ದಿನಗಳು ನೆನಪಿರುತ್ತವೆ. 18ನೇ ಶತಮಾನದ ಫ್ರಾನ್ಸಿನಲ್ಲಿ ಗ್ಯಾಸ್ಪಾರ್ ಮೊಂಜ್ ಹೀಗೆ ನೋಟಗಳನ್ನು ಹೊಂದಿಸುವ ಶಾಸ್ತ್ರಕ್ಕೆ ರೂಪ ಕೊಟ್ಟಾಗ ಸೇನೆ ಅದನ್ನು ಕೆಲಕಾಲ ಗುಟ್ಟಾಗಿಟ್ಟಿತ್ತು, ಅಷ್ಟು ಬೆಲೆಯಿತ್ತು ಅದಕ್ಕೆ. ಈಗ ಮೂರೂ ನೋಟಗಳನ್ನು ಯಂತ್ರವೇ ತೆಗೆದುಕೊಡುತ್ತದೆ. ಆದರೆ ವಸ್ತುವನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವ ಶಕ್ತಿಯನ್ನು ಅದು ಕೊಡುವುದಿಲ್ಲ. ಕೈಯಲ್ಲಿ ಬರೆದೇ ಅದು ಬರಬೇಕು.

ಹಾಗಾಗಿ ನನ್ನ ಸಲಹೆ ಇದು. ಮಕ್ಕಳಿದ್ದರೆ ಟಿಂಕರ್‌ಕ್ಯಾಡ್‌ನಿಂದ ಶುರುಮಾಡಲಿ. ನೆಲದ ನಕ್ಷೆಯಷ್ಟೇ ಬೇಕಿದ್ದವರಿಗೆ ಲಿಬ್ರೆಕ್ಯಾಡ್ ಸಾಕು. ಮರದ ಕೆಲಸ, ಯಂತ್ರದ ಚಿಕ್ಕ ಭಾಗ, ತ್ರೀಡಿ ಪ್ರಿಂಟ್ ಮಾಡುವ ಹವ್ಯಾಸ ಮುಂದುವರಿಸುವ ಮನಸ್ಸಿದ್ದವರು ಫ್ರೀಕ್ಯಾಡ್ ಇಳಿಸಿಕೊಂಡು, ಮನೆಯಲ್ಲಿರುವ ಒಂದು ಸ್ಟೂಲನ್ನು ಟೇಪು ಹಿಡಿದು ಅಳೆದು, ಅದನ್ನೇ ಮೊದಲು ಬರೆಯಿರಿ. ಬರೆದದ್ದರ ಒಂದು ಪ್ರತಿಯನ್ನು ಸ್ಟೆಪ್ ಕಡತವಾಗಿ ತೆಗೆದಿಡಿ. ಅಳತೆ ನಮೂದಿಸಿದ ಒಂದು ಹಾಳೆಯನ್ನು ಮುದ್ರಿಸಿ ಬಡಗಿಯ ಕೈಗೆ ಕೊಡಿ, ಎಲ್ಲಿ ತಿದ್ದಬೇಕೆಂದು ಅವರನ್ನೇ ಕೇಳಿ.