ಐವತ್ತು ದಾಟಿದವರ ಊಟದ ವಿಷಯವಾದ ಬುದ್ಧಿವಾದ



ಏಲಿ ಎಂಬ ಮುದಿ ಯಾಜಕನ ಮರಣದ ವರ್ತಮಾನವನ್ನು ಸಮುವೇಲನ ಮೊದಲನೆಯ ಪುಸ್ತಕದಲ್ಲಿ ಓದುವಾಗ ನಾವೆಲ್ಲರೂ ಶತ್ರುಗಳ ಕೈಗೆ ಸಿಕ್ಕಿದ ಮಂಜೂಷದ ಕಡೆಗೂ ಅವನ ಮಕ್ಕಳ ದುರ್ನಡತೆಯ ಕಡೆಗೂ ಮನಸ್ಸಿಟ್ಟು, ಅಲ್ಲಿ ಬರೆದಿರುವ ಒಂದು ಚಿಕ್ಕ ಮಾತನ್ನು ದಾಟಿಹೋಗುತ್ತೇವೆ. ಆ ಮನುಷ್ಯನಿಗೆ 98 ವರುಷ, ಕಣ್ಣು ಮಂಜಾಗಿತ್ತು, ಬಾಗಲ ಬಳಿಯಲ್ಲಿ ಪೀಠದ ಮೇಲೆ ಕೂತಿದ್ದನು, ಕೆಟ್ಟ ಸುದ್ದಿಯನ್ನು ಕೇಳಿದ ಕೂಡಲೆ ಹಿಂದಕ್ಕೆ ಬಿದ್ದು ಕುತ್ತಿಗೆ ಮುರಿದು ಸತ್ತನು. ಅವನು ಮುದುಕನೂ ಭಾರವಾದ ಶರೀರದವನೂ ಆಗಿದ್ದನೆಂದು ಬರೆದವನು ಕಾರಣ ಹೇಳುತ್ತಾನೆ. ದುಃಖವು ಅವನನ್ನು ತಳ್ಳಿತು, ಆದರೆ ಬಿದ್ದದ್ದು ಶರೀರವು. ಇದಕ್ಕೆ ಮುಂಚೆ ಅವನ ಮನೆಯವರು ಜನರ ನೈವೇದ್ಯಗಳಲ್ಲಿ ಉತ್ತಮವಾದವುಗಳನ್ನು ತಿಂದು ಕೊಬ್ಬಿದರೆಂಬ ಆಕ್ಷೇಪಣೆಯೂ ಆ ಮನೆಯ ಮೇಲೆ ಬಂದಿತ್ತು. ಈ ಮಾತನ್ನು ಓದುವಾಗೆಲ್ಲಾ ಉಪದೇಶಿಗಳಾದ ನಮಗೆ ಸ್ವಲ್ಪ ನಾಚಿಕೆಯಾಗುತ್ತದೆ. ಯಾಕೆಂಬದನ್ನು ಮುಂದೆ ಹೇಳುವೆವು.

ನಮ್ಮ ಮರಿಯಮ್ಮನಹಳ್ಳಿಯ ಸೀಮೆಯಲ್ಲಿ ದಪ್ಪಗಾದವರನ್ನು ಕಂಡು ಯಾರೂ ಅಯ್ಯೋ ಅನ್ನುವದಿಲ್ಲ. ಮೈ ತುಂಬಿಕೊಂಡಿದ್ದಾರೆ, ಉಂಡುಟ್ಟು ಚೆನ್ನಾಗಿದ್ದಾರೆ, ದೇವರು ಕಣ್ಣು ತೆರೆದಿದ್ದಾನೆ ಅನ್ನುವರು. ಇದನ್ನು ನಾವು ಹಾಸ್ಯ ಮಾಡುವದಿಲ್ಲ. 1876ನೆಯ ಇಸವಿಯಿಂದ 1878ರ ವರೆಗಿನ ಧಾತು ಈಶ್ವರ ಸಂವತ್ಸರಗಳ ಬರವು ಬಳ್ಳಾರಿ ಸೀಮೆಯನ್ನು ಎಷ್ಟು ಭಯಂಕರವಾಗಿ ತಿಂದುಬಿಟ್ಟಿತೆಂದರೆ, ಎಲುಬು ಕಾಣದ ಮೈ ಎಂಬದೇ ಭಾಗ್ಯವೆಂದು ನಮ್ಮ ಹಿರಿಯರ ಮನಸ್ಸಿನಲ್ಲಿ ಬೇರೂರಿತು. ಹಸಿದವರ ಮಕ್ಕಳು ನಾವು. ತಟ್ಟೆಯಲ್ಲಿ ಒಂದಗಳನ್ನೂ ಬಿಡಬಾರದೆಂದು ತಾಯಂದಿರು ಕಲಿಸಿದ್ದು ಅಂಥ ದಿನಗಳ ಪಾಠವೇ. ಆದಾಗ್ಯೂ ಬರಗಾಲದ ಪಾಠವನ್ನು ಸುಭಿಕ್ಷದ ದಿನಗಳಲ್ಲಿ ಹಾಗೆಯೇ ನಡಿಸಿದರೆ ಅದು ನಮ್ಮನ್ನು ಕಾಯುವದೋ ಕೊಲ್ಲುವದೋ ಎಂಬದನ್ನು ಈಗ ಯೋಚಿಸಬೇಕು.

ನಮ್ಮ ಊಟವು ಹೇಗೆ ಬದಲಾಯಿತೆಂಬದನ್ನು ಮೊದಲು ಕೇಳಿರಿ. 1945ನೆಯ ಇಸವಿಯಲ್ಲಿ ತುಂಗಭದ್ರಾ ನದಿಗೆ ಅಣೆಕಟ್ಟಿನ ಅಸ್ತಿವಾರ ಹಾಕಿದರು. 1953ರಲ್ಲಿ ನೀರು ನಿಂತಿತು. ನಾರಾಯಣದೇವರಕೆರೆಯು ಮುಳುಗಿತು, ಅಲ್ಲಿಯ ಜನರು ಗಂಟುಮೂಟೆ ಕಟ್ಟಿಕೊಂಡು ಮರಿಯಮ್ಮನಹಳ್ಳಿಗೆ ಬಂದು ನೆಲೆಗೊಂಡರು. ನಾವಿರುವದು ಅಣೆಯ ಮೇಲುಗಡೆಯಲ್ಲಿ; ಕಾಲುವೆಗಳು ಹರಿದದ್ದು ಕೆಳಗಡೆಗೆ. ನೀರು ನಮ್ಮ ಕಡೆಯ ಹೊಲಗಳನ್ನು ನುಂಗಿತು, ಕಂಪ್ಲಿ ಗಂಗಾವತಿ ಸಿರುಗುಪ್ಪಗಳ ಹೊಲಗಳನ್ನು ಗದ್ದೆ ಮಾಡಿತು, ಅನಂತರ ಬಿಳೀ ಅಕ್ಕಿಯಾಗಿ ಚೀಲಗಳಲ್ಲಿ ನಮ್ಮ ಸಂತೆಗೆ ಹಿಂತಿರುಗಿ ಬಂತು. ಮುಂಚೆ ಅನ್ನವು ಹಬ್ಬದ ಊಟ, ರೋಗಿಗೂ ಬಾಣಂತಿಗೂ ಬೀಗರಿಗೂ ಮಾಡುವಂಥದು. ದಿನದ ಊಟವೋ ಜೋಳದ ರೊಟ್ಟಿ, ನವಣೆ, ಸಜ್ಜೆ, ಪುಂಡಿಪಲ್ಯ, ಹುರುಳಿ, ಗುರೆಳ್ಳಿನ ಪುಡಿ, ಮಜ್ಜಿಗೆ. 2013ರಲ್ಲಿ ಸರಕಾರದವರು ಅನ್ನಭಾಗ್ಯ ಯೋಜನೆಯಿಂದ ಬಡವರ ಮನೆಗಳಿಗೆ ಅಕ್ಕಿಯನ್ನು ಕೊಡಲಾರಂಭಿಸಿದರು. ಆ ಅಕ್ಕಿಯಿಂದ ಎಷ್ಟೋ ಒಲೆಗಳು ಹೊತ್ತಿದವು. ಅದನ್ನು ನಿಂದಿಸುವವನು ಹಸಿವನ್ನು ಕಾಣದವನು. ಆದರೆ ಮೂರು ಹೊತ್ತೂ ಅನ್ನವೇ ತುಂಬಿದ ತಟ್ಟೆ, ಅದರ ಪಕ್ಕದಲ್ಲಿ ತಿಳಿಸಾರು, ಸಂಜೆಗೆ ಮಂಡಾಳ ಒಗ್ಗರಣೆಯೂ ಎರಡು ಮಿರ್ಚಿ ಬಜ್ಜಿಯೂ, ನಡುನಡುವೆ ಸಕ್ಕರೆಯ ಚಹಾ ಎಂಬದು ಒಂದೆರಡು ತಲೆಮಾರಿನೊಳಗೆ ಆದ ಸಂಗತಿ.

ಇಷ್ಟೇ ಆಗಿದ್ದರೂ ಚಿಂತೆಯಿರಲಿಲ್ಲ. ಊಟವು ಬದಲಾದ ದಿನಗಳಲ್ಲಿಯೇ ಕೆಲಸವೂ ಹೊರಟುಹೋಯಿತು. ಬೀಸುವ ಕಲ್ಲು ಹಿತ್ತಲಿನಲ್ಲಿ ಬಿದ್ದಿದೆ. ನೀರು ನಳದಲ್ಲಿ ಬರುತ್ತದೆ. ಹೊಲಕ್ಕೆ ಮೋಟಾರು ಸೈಕಲ್ಲು, ಉಳುವದಕ್ಕೆ ಟ್ರಾಕ್ಟರು, ಹೊಸಪೇಟೆಗೆ ಬಸ್ಸು. ಐವತ್ತೈದು ವರುಷದ ಒಬ್ಬ ತಾಯಿಯ ಅಜ್ಜಿಯು ದಿನಕ್ಕೆ ಎಷ್ಟು ಬೀಸಿ, ಎಷ್ಟು ಹೊತ್ತು, ಎಷ್ಟು ನಡೆಯುತ್ತಿದ್ದಳೋ ಅದರಲ್ಲಿ ಕಾಲು ಪಾಲು ಕೆಲಸವೂ ಮೊಮ್ಮಗಳಿಗಿಲ್ಲ. ಬಡಿಸುವ ಸೌಟು ಮಾತ್ರ ಅದೇ. ಮೇಲಾಗಿ ನಡುವಯಸ್ಸು ದಾಟಿದ ಮೇಲೆ ನಮ್ಮ ಮಾಂಸಖಂಡಗಳು ತಾವಾಗಿಯೇ ವರುಷ ವರುಷಕ್ಕೆ ಕರಗುತ್ತಾ ಬರುತ್ತವೆ. ಉಂಡದ್ದನ್ನು ಉರಿಸುವ ಒಲೆಯು ಚಿಕ್ಕದಾಗುವದು, ಸೌದೆಯನ್ನೋ ನಾವು ಮುಂಚಿನಷ್ಟೇ ಒಟ್ಟುವೆವು. ಉರಿಯದೆ ಉಳಿದದ್ದು ಕೊಬ್ಬಾಗಿ ಮೊದಲು ಹೊಟ್ಟೆಯ ಸುತ್ತ ಸೇರುತ್ತದೆ. ನಮ್ಮ ದೇಶದವರಿಗೆ ಈ ಹೊಟ್ಟೆಯ ಕೊಬ್ಬೇ ಹೆಚ್ಚು ಅಪಾಯವಾದದ್ದು. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಹೃದಯದ ರೋಗ ಇವುಗಳು ಇದರ ಹಿಂದೆ ಬರುತ್ತವೆ. ದರ್ಜಿಯ ಟೇಪನ್ನು ತೆಗೆದುಕೊಂಡು ನಡುವನ್ನು ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರನ್ನೂ ಹೆಂಗಸರಿಗೆ 80 ಸೆಂಟಿಮೀಟರನ್ನೂ ಮೀರಿದರೆ ಎಚ್ಚರಿಕೆಯ ಗಂಟೆ ಬಾರಿಸಿತೆಂದು ವೈದ್ಯರು ಹೇಳುತ್ತಾರೆ. ಉಡಿದಾರವು ಬಿಗಿಯಾದಾಗ ಅದನ್ನು ಸಡಿಲಿಸುವದು ಸುಲಭವಾದ್ದರಿಂದ ನಾವೆಲ್ಲರೂ ಅದನ್ನೇ ಮಾಡುತ್ತಾ ಬಂದಿದ್ದೇವೆ.

ಈಗ ನಮ್ಮ ತಪ್ಪನ್ನು ಹೇಳುವೆವು. ಶನಿವಾರಗಳಲ್ಲಿ ನಾವು ಸಭೆಯ ಮನೆಗಳನ್ನು ಸಂದರ್ಶಿಸುವಾಗ ಒಂಭತ್ತು ಮನೆಗಳಿಗೆ ಹೋದರೆ ಒಂಭತ್ತು ಲೋಟ ಚಹಾ. ಬಡವರಾದವರು ಅಯ್ಯನವರು ಬಂದರೆಂದು ಒಂದು ಚಮಚೆ ಸಕ್ಕರೆಯನ್ನು ಹೆಚ್ಚಾಗಿಯೇ ಹಾಕುತ್ತಾರೆ. ಲೋಟಕ್ಕೆ ಎರಡು ಚಮಚೆಯಂತೆ ಲೆಕ್ಕ ಹಾಕಿದರೂ ಹದಿನೆಂಟು ಚಮಚೆ, ಅಂದರೆ ಸುಮಾರು 80 ಗ್ರಾಮಿಗೆ ಕಡಿಮೆಯಿಲ್ಲ. ಬೇರೆ ಬೇರೆ ಆಹಾರಗಳಲ್ಲಿ ಬೆರಸುವದೆಲ್ಲಾ ಸೇರಿ ಸಕ್ಕರೆಯು ದಿನಕ್ಕೆ 50 ಗ್ರಾಮನ್ನು ಮೀರಬಾರದು, 25 ಗ್ರಾಮಿನೊಳಗಿದ್ದರೆ ಇನ್ನೂ ಒಳ್ಳೇದು ಎಂಬದು ಲೋಕಾರೋಗ್ಯ ಸಂಸ್ಥೆಯವರ ಅಳತೆ. ಸೇವೆಗೆ ಸೇರಿದಾಗ ನಮ್ಮ ತೂಕವು 64 ಕಿಲೋ; ಏಳು ವರುಷಗಳಲ್ಲಿ 76 ಆಯಿತು. ಜನರ ಪ್ರೀತಿಯನ್ನು ತಳ್ಳಬಾರದೆಂದು ನಮಗೆ ನಾವೇ ಹೇಳಿಕೊಂಡೆವು. ನಿಜವಾಗಿ ಹೇಳಬೇಕಾದರೆ ಆ ಚಹಾ ನಮಗೆ ರುಚಿಯಾಗಿತ್ತು. ಇತರರಿಗೆ ಮಿತಾಹಾರವನ್ನು ಬೋಧಿಸಿದ ಬಾಯಿಯೇ ಒಂಭತ್ತನೆಯ ಲೋಟಕ್ಕೂ ತೆರೆಯುತ್ತಿತ್ತು. ಏಲಿಯ ಮನೆಯ ಮಾತು ನಮಗೆ ತಗಲುವದು ಇದಕ್ಕೇ.

ಸಭೆಯಲ್ಲಿ ಒಬ್ಬ ಅಕ್ಕನವರಿದ್ದಾರೆ, ಹೆಸರು ಬೇಡ. ವಯಸ್ಸು 58, ತೂಕ 81 ಕಿಲೋ, ಆರು ವರುಷಗಳಿಂದ ಸಕ್ಕರೆ ಕಾಯಿಲೆಗೆ ಗುಳಿಗೆ. ಅವರ ದುಃಖವೇನಂದರೆ, ಪ್ರಾರ್ಥನೆಯಲ್ಲಿ ಮೊಣಕಾಲೂರಲಾರದೆ ಗೋಡೆಯ ಬಳಿ ಕುರ್ಚಿಯಲ್ಲಿ ಕೂಡ್ರಬೇಕಾಯಿತು. ಕೂತು ಮಾಡಿದ ಪ್ರಾರ್ಥನೆಯನ್ನೂ ದೇವರು ಕೇಳುತ್ತಾನೆಂದು ಎಷ್ಟು ಸಾರಿ ಹೇಳಿದರೂ ಅವರ ಮನಸ್ಸು ಒಪ್ಪಲಿಲ್ಲ. ಶ್ರಮೆಯ ನಲವತ್ತು ದಿನಗಳು ಬಂದಾಗ ಅವರು ಯಾರಿಗೂ ತಿಳಿಸದೆ ಹಗಲೂಟವನ್ನು ಬಿಟ್ಟರು. ಉಪವಾಸವೂ ಆಗುವದು, ಮೈಯೂ ಇಳಿಯುವದು ಎಂಬ ಎಣಿಕೆ. ಗುಳಿಗೆಯನ್ನು ಮಾತ್ರ ಬಿಡಲಿಲ್ಲ. ನಾಲ್ಕನೆಯ ದಿವಸ ಮಧ್ಯಾಹ್ನದಲ್ಲಿ ನಳದ ಬಳಿ ಮೈ ಬೆವತು, ಕೈ ನಡುಗಿ, ಕಣ್ಣು ಕತ್ತಲೆಗೂಡಿ ಬಿದ್ದರು. ನೆರೆಮನೆಯ ಹುಡುಗಿಯೊಬ್ಬಳು ತಿಳಿದವಳಾಗಿದ್ದಳು. ಎಚ್ಚರ ತಪ್ಪುವದಕ್ಕೆ ಮುಂಚೆ ಸಕ್ಕರೆಯ ನೀರನ್ನು ಕುಡಿಸಿದ್ದರಿಂದ ಉಳಿದರು. ಸಕ್ಕರೆಯನ್ನು ಇಳಿಸುವ ಕೆಲವು ಗುಳಿಗೆಗಳನ್ನೂ ಇನ್ಸುಲಿನ್ ಚುಚ್ಚುಮದ್ದನ್ನೂ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆಯು ಕುಸಿದು ಪ್ರಾಣಕ್ಕೆ ಬರುವದುಂಟು. ಆದದರಿಂದ ಇಂಥ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟವನ್ನು ಕಡಿಮೆ ಮಾಡಬಾರದು, ಉಪವಾಸವನ್ನೂ ಹಿಡಿಯಬಾರದು. ಇದನ್ನು ನಾವು ಉಪವಾಸದ ದಿನಗಳಿಗೆ ಮುಂಚೆಯೇ ಸಭೆಯಲ್ಲಿ ಹೇಳಬೇಕಾಗಿತ್ತು, ಹೇಳಿರಲಿಲ್ಲ.

ಆಮೇಲೆ ಅವರು ವೈದ್ಯರ ಸಲಹೆ ಕೇಳಿ ನಡೆದದ್ದು ಬಹು ಸಾಧಾರಣವಾದ ದಾರಿ. ಹಗಲಲ್ಲಿ ಎರಡು ಜೋಳದ ರೊಟ್ಟಿ, ಅದರ ಜೊತೆಗೆ ರೊಟ್ಟಿಗಿಂತಲೂ ಹೆಚ್ಚಾಗಿ ಪುಂಡಿಯೋ ಮೆಂತ್ಯವೋ ಹೀರೇಕಾಯೋ ಯಾವದಾದರೂ ಪಲ್ಯ, ಒಂದು ಬಟ್ಟಲು ಗಟ್ಟಿ ಬೇಳೆ ಅಥವಾ ಮೊಳಕೆ ಹುರುಳಿ. ರಾತ್ರಿಗೆ ಅನ್ನ, ಆದರೆ ಮುಂಚಿನ ಅರ್ಧ. ಅದೂ ಕತ್ತಲಾದ ಕೂಡಲೆ. ವಾರದಲ್ಲಿ ಎರಡು ದಿನ ಮೊಟ್ಟೆ, ಹಿನ್ನೀರಿನ ಮೀನು ಸಿಕ್ಕಿದರೆ ಸಾರಿನಲ್ಲಿ, ಎಣ್ಣೆಯಲ್ಲಿ ಕರಿದಲ್ಲ. ಮನೆಮಂದಿ ಉಂಡು ಉಳಿದದ್ದನ್ನು ಕೆಡಬಾರದೆಂದು ತಾನೇ ತಿಂದು ಮುಗಿಸುವ ಪದ್ಧತಿಯನ್ನು ಬಿಡುವದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಸೊಸೆಯು ಅಳತೆಯಿಂದ ಅಡಿಗೆ ಮಾಡಲು ಕಲಿತಳು. ಅಷ್ಟರಿಂದ ಆ ಜಗಳ ತೀರಿತು. ಹೆಂಗಸರ ಹೊಟ್ಟೆಯು ಮನೆಯ ಕಸದ ಬುಟ್ಟಿಯಲ್ಲವೆಂದು ನಾವು ಗಂಡಸರಿಗೆ ಹೇಳುತ್ತೇವೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ತೆಗೆಯಬೇಕು. ಜೋಳದಲ್ಲಿ ಶಕ್ತಿ ಕಡಿಮೆ, ಆದದರಿಂದ ಎಷ್ಟು ತಿಂದರೂ ಮೈ ಬಾರದೆಂದು ಕೆಲವರು ನಂಬಿ ಐದಾರು ರೊಟ್ಟಿ ತಿನ್ನುತ್ತಾರೆ. ತೂಕಕ್ಕೆ ತೂಕ ನೋಡಿದರೆ ಜೋಳದ ಹಿಟ್ಟಿಗೂ ಅಕ್ಕಿಗೂ ಶಕ್ತಿಯಲ್ಲಿ ದೊಡ್ಡ ಭೇದವಿಲ್ಲ. ಆದರೆ 100 ಗ್ರಾಮು ಜೋಳದಲ್ಲಿ ನಾರು ಸುಮಾರು 10 ಗ್ರಾಮಿರುವಲ್ಲಿ ಬಿಳೀ ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. ನಾರಿರುವ ರೊಟ್ಟಿಯನ್ನು ಅಗಿಯಬೇಕು. ಹೊಟ್ಟೆ ಬೇಗ ತುಂಬುವದು, ಹಸಿವೆ ತಡವಾಗಿ ಬರುವದು, ಸಕ್ಕರೆಯು ರಕ್ತಕ್ಕೆ ಮೆಲ್ಲಗೆ ಸೇರುವದು. ಅನ್ನವೋ ಅಗಿಯುವ ಮುಂಚೆಯೇ ಇಳಿದುಹೋಗುತ್ತದೆ. ಬೆಲ್ಲದ ವಿಷಯವೂ ಹೀಗೆಯೇ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದೆವೆಂದು ಹೆಮ್ಮೆಪಡುವವರು ಹೆಸರನ್ನು ಬದಲಿಸಿದರೇ ಹೊರತು ಹೆಚ್ಚೇನೂ ಬದಲಿಸಲಿಲ್ಲ. ಎಣ್ಣೆಯಂತೂ ಗ್ರಾಮಿಗೆ ಗ್ರಾಮು ಅನ್ನಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಶಕ್ತಿಯುಳ್ಳದ್ದು; ಸಂಜೆಯ ಮಿರ್ಚಿಯ ಲೆಕ್ಕವನ್ನು ನೀವೇ ಮಾಡಿಕೊಳ್ಳಿರಿ.

ನಡಿಗೆಯನ್ನು ಅವರು ಹತ್ತು ನಿಮಿಷದಿಂದ ಆರಂಭಿಸಿದರು. ಮೊಣಕಾಲು ನೋಯುವವರು ಮೊದಲ ದಿನವೇ ಹಿನ್ನೀರಿನ ವರೆಗೂ ನಡೆಯಹೋಗಬಾರದು. ಶರೀರದಲ್ಲಿ ಒಂದು ಕಿಲೋ ಇಳಿದರೆ ಹೆಜ್ಜೆ ಹೆಜ್ಜೆಗೂ ಮೊಣಕಾಲಿನ ಮೇಲಣ ಭಾರವು ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು ಪರೀಕ್ಷಿಸಿ ಕಂಡಿದ್ದಾರೆ. ಎಂಟು ತಿಂಗಳಲ್ಲಿ ಅಕ್ಕನವರ ತೂಕ ಆರು ಕಿಲೋ ಕಡಿಮೆಯಾಯಿತು. ಇಷ್ಟೇಯೋ ಎಂದು ನೆರೆಯವರು ನಕ್ಕರು. ಆದರೆ 2002ರಲ್ಲಿ ಅಮೇರಿಕಾದವರು ಪ್ರಕಟಿಸಿದ ದೊಡ್ಡ ಪರೀಕ್ಷೆಯೊಂದರಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರಿಗೆ ಕೊಟ್ಟ ಗುರಿಯು ನೂರಕ್ಕೆ ಏಳು ಪಾಲು ತೂಕವನ್ನು ಇಳಿಸುವದೂ ವಾರಕ್ಕೆ 150 ನಿಮಿಷ ನಡೆಯುವದೂ ಮಾತ್ರ; ಅದರಿಂದ ಕಾಯಿಲೆಯು ಬರುವದು ನೂರಕ್ಕೆ 58ರಷ್ಟು ತಗ್ಗಿತು. 2006ರಲ್ಲಿ ಚೆನ್ನೈಯ ವೈದ್ಯರು ನಮ್ಮವರಲ್ಲಿಯೇ ನೋಡಿದಾಗ, ತೂಕವು ಅಷ್ಟಾಗಿ ಇಳಿಯದಿದ್ದರೂ ಊಟವನ್ನೂ ನಡಿಗೆಯನ್ನೂ ತಿದ್ದಿಕೊಂಡವರಿಗೆ ಪ್ರಯೋಜನವಾದದ್ದು ಕಂಡುಬಂತು. ಆದದರಿಂದ ತಕ್ಕಡಿಯ ಮುಳ್ಳು ಅಲ್ಲಾಡದಿದ್ದರೆ ಧೈರ್ಯಗೆಡಬೇಡಿರಿ.

ಈ ಬುದ್ಧಿವಾದವು ಎಲ್ಲರಿಗೂ ಅಲ್ಲ. ಒಂಟಿಯಾಗಿದ್ದು ಒಂದೇ ಹೊತ್ತು ಒಲೆ ಹಚ್ಚುವ ವಿಧವೆಯರು ನಮ್ಮ ಸಭೆಗಳಲ್ಲಿದ್ದಾರೆ. ಅವರು ಇದನ್ನು ಕೇಳಿ ಒಂದು ತುತ್ತನ್ನೂ ಕಡಿಮೆ ಮಾಡಬಾರದು, ಸಭೆಯವರು ಅವರ ತಟ್ಟೆಯನ್ನು ನೋಡಿಕೊಳ್ಳಬೇಕು. ಪ್ರಯತ್ನವಿಲ್ಲದೆ ಯಾರ ಮೈಯಾದರೂ ಇಳಿಯುತ್ತಾ ಬಂದರೆ ಸಂತೋಷಪಡದೆ ಕೂಡಲೆ ಆಸ್ಪತ್ರೆಗೆ ಹೋಗಲಿ. ಕ್ಷಯವೂ ಸಕ್ಕರೆ ಕಾಯಿಲೆಯೂ ಹಾಗೆಯೇ ಕಾಣಿಸಿಕೊಳ್ಳುತ್ತವೆ.

ನಾವು ಒಂದು ಆದಿತ್ಯವಾರ ದಾನಿಯೇಲನ ಕಥೆಯನ್ನೆತ್ತಿ, ಅರಸನ ಭೋಜನವನ್ನು ಬಿಟ್ಟು ಹತ್ತು ದಿನ ಕಾಯಿಪಲ್ಯವನ್ನೂ ನೀರನ್ನೂ ತೆಗೆದುಕೊಂಡ ನಾಲ್ವರು ಯೌವನಸ್ಥರ ವಿಷಯ ಮಾತಾಡಿದೆವು. ಆರಾಧನೆ ಮುಗಿದ ಮೇಲೆ ಒಬ್ಬ ಹಿರಿಯರು ನಮ್ಮನ್ನು ನಿಲ್ಲಿಸಿ, “ಅಯ್ಯನವರೇ, ಹತ್ತು ದಿನ ಆದ ಮೇಲೆ ಅವರು ಉಳಿದವರಿಗಿಂತ ಪುಷ್ಟಿಯಾಗಿ ಕಂಡರೆಂದು ಬರೆದದೆಯಲ್ಲಾ, ಹಾಗಾದರೆ ಪುಷ್ಟಿಯೇ ಒಳ್ಳೇದಾಯಿತು” ಅಂದರು. ಹಿರಿಯರು ಸುಮಾರು 90 ಕಿಲೋ ಇದ್ದಾರೆ. ಒಳ್ಳೇ ಪ್ರಶ್ನೆಯೇ. ಬೆಳೆಯುವ ಹುಡುಗರಿಗೆ ಪುಷ್ಟಿಯು ಆರೋಗ್ಯದ ಗುರುತು. ಬೆಳೆದು ನಿಂತವರಿಗೆ ಹಾಗಲ್ಲವೆಂದು ಉತ್ತರ ಕೊಟ್ಟೆವು. ಅವರು ಪೂರಾ ಒಪ್ಪಲಿಲ್ಲ. ಆದರೂ ಈಚೆಗೆ ಅವರ ಮನೆಗೆ ಹೋದಾಗ ಚಹಾದ ಬದಲಿಗೆ ನೀರುಮಜ್ಜಿಗೆ ಬಂತು. ಯಾಕೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ನಾವು ಸಂದರ್ಶನದ ದಿನ ಹೊರಡುವ ಮುಂಚೆ ಮೊದಲನೆಯ ಮನೆಯಲ್ಲಿ ಮಾತ್ರ ಚಹಾ, ಉಳಿದ ಮನೆಗಳಲ್ಲಿ ನೀರೇ ಸಾಕೆಂದು ಹೇಳಿ ಕಳುಹಿಸುತ್ತೇವೆ. ಮೊದಲ ತಿಂಗಳು ಮೂರು ಮನೆಗಳವರು ಮುನಿಸಿಕೊಂಡರು. ಮೊದಲನೆಯ ಮನೆ ಯಾವದೆಂಬದರಲ್ಲಿ ತಕರಾರು ಬಂದದ್ದರಿಂದ ಸರತಿಯನ್ನು ಗೊತ್ತುಮಾಡಬೇಕಾಯಿತು. ಬರುವ ಸುಗ್ಗಿಯ ಕಾಣಿಕೆಯ ಹಬ್ಬದ ಊಟಕ್ಕೆ ಬರೀ ಪಲಾವಿನ ಬದಲಾಗಿ ರೊಟ್ಟಿ, ಎಣ್ಣೆಗಾಯಿ, ಹುರುಳಿ ಕಟ್ಟಿನ ಸಾರು, ಒಂದು ಸೌಟು ಅನ್ನ ಎಂದು ಹೆಂಗಸರ ಸಂಘದವರು ಗೊತ್ತುಮಾಡಿದ್ದಾರೆ. ರೊಟ್ಟಿ ತಟ್ಟುವದಕ್ಕೆ ಹದಿನಾಲ್ಕು ಮಂದಿ ಹೆಸರು ಕೊಟ್ಟಿದ್ದಾರೆ, ಅವರಲ್ಲಿ ನಾಲ್ವರು ಗಂಡಸರು. ಆ ಅಕ್ಕನವರು ಹೋದ ಆದಿತ್ಯವಾರ ಪ್ರಾರ್ಥನೆಯ ಸಮಯದಲ್ಲಿ ಬೆಂಚನ್ನು ಹಿಡಿದು ಒಂದು ಮೊಣಕಾಲನ್ನು ಊರಿದರು. ಏಳುವಾಗ ಸೊಸೆಯು ಕೈ ಕೊಡಬೇಕಾಯಿತು. ಚಾಪೆ ಬಹಳ ತೆಳ್ಳಗಿದೆ, ದಪ್ಪ ಚಾಪೆಯನ್ನು ತರಿಸಿರಿ ಎಂದು ನಮಗೆ ಹೇಳಿ ಹೋದರು.